ಬಾಗಿಲ ಹೊರಗಿನ ಬೂಟು

ಬಾಡಿಗೆ ಮನೆಯ ಪಾತ್ರೆಗಳನ್ನು ಕುದಿನೀರಿನಲ್ಲಿ ಒಮ್ಮೆ ತೊಳೆಯದಿದ್ದರೆ ಗೇಕ್ ಲಿಯಾನಳಿಗೆ ಸಮಾಧಾನವಿಲ್ಲ. ಹದಿನಾಲ್ಕು ವರ್ಷಗಳಿಂದ, ಸಿಂಗಾಪುರದಿಂದ ಪಿನಾಂಗಿನ ಈ ಕಡಲಂಚಿನ ಅಪಾರ್ಟ್‌ಮೆಂಟಿಗೆ ರಜೆಗೆ ಬಂದಾಗಲೆಲ್ಲ ಅದು ತಪ್ಪದ ಕೆಲಸ. ಎರಡು ತಟ್ಟೆ, ಎರಡು ಲೋಟ ತೊಳೆದು ಬೋರಲು ಹಾಕಿದ ಮೇಲೆ, ಎರಡು ಯಾಕೆ ಎಂದು ಹೊಳೆಯಿತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೊಸ ಸಿಮ್ಮು, ಪರದೆಯ ಮೇಲೆ ಹೆಸರಿಲ್ಲ.

“ಹಲೋ… ಹಲೋ? ಯಾರು ಮಾತಾಡ್ತಿರೋದು?… ಹಾಂ! ತಾಚಿ, ನೀನಾ? ಇದು ಯಾರ ಫೋನು?… ಸೊಸೇದಾ. ಅದಕ್ಕೇ ಗುರುತು ಸಿಗಲಿಲ್ಲ…”

ತಾಚಿ, ಅವಳ ಹಿರಿಯಕ್ಕ. ಸಿಂಗಾಪುರದಲ್ಲಿ ಕೂತೇ ಪಿನಾಂಗಿನ ಗಾಳಿಯನ್ನೂ ಅಳೆಯುವವಳು.

“ನಿನ್ನೆ ಮಧ್ಯಾಹ್ನವೇ ಬಂದೆ… ಸುಸ್ತೇನಿಲ್ಲ… ತಿಂಡಿ ಆಯ್ತು… ಆಯ್ತು ಅಂದ್ನಲ್ಲ. ಬಿಸ್ಕತ್ತು ತಿಂದ್ರೆ ತಿಂಡಿ ಅಲ್ವಾ?…”

“ತಟ್ಟಿದೆ ತಾಚಿ. ಖಾಲಿ ಮನೆ ಅಂತ ಸುಮ್ನೆ ನುಗ್ಗಲಿಲ್ಲ. ಮೂರು ಸಲ ಬಾಗಿಲು ತಟ್ಟಿ, ‘ಸ್ವಲ್ಪ ದಿನ ಇದ್ದು ಹೋಗ್ತೀವಿ, ಬೇಜಾರು ಮಾಡ್ಕೋಬೇಡಿ’ ಅಂತ ಕಣ್ಣಿಗೆ ಕಾಣದೆ ಒಳಗಿರೋರಿಗೆ ಹೇಳಿದೆ… ಯಾವಾಗ್ಲೂ ಇವರೇ ತಟ್ತಿದ್ದಿದ್ದು. ನಾನು ಹಿಂದೆ ಚೀಲ ಹಿಡ್ಕೊಂಡು ನಿಂತಿರ್ತಿದ್ದೆ. ನಿನ್ನೆಯೂ ಒಂದು ಗಳಿಗೆ ಹಾಗೇ ನಿಂತಿದ್ದೆ, ಯಾರಾದ್ರೂ ತಟ್ಟಲಿ ಅಂತ…”

“ಬೀರುನಾ?… ಜೋಡಿಸಿದೆ. ಅರ್ಧದಲ್ಲೇ ಹಿಡಿಸ್ತು. ಇನ್ನರ್ಧ ಖಾಲಿ… ಅಳ್ತಿಲ್ಲ. ಬಿಸಿನೀರಲ್ಲಿ ಪಾತ್ರೆ ತೊಳೀತಿದ್ದೆ, ಹಬೆ…”

“ಬೂಟಾ? ಇಟ್ಟೆ. ನೀನು ಹೇಳಿದ ಹಾಗೇನೇ. ಇವರ ಕರಿ ಬೂಟು, ಬಾಗಿಲ ಹೊರಗೆ, ಎಲ್ಲರಿಗೂ ಕಾಣೋ ಹಾಗೆ… ಹೂಂ, ಒಳಗೆ ಗಂಡಸಿದಾನೆ ಅಂತ ಕಳ್ಳರು ಹೆದರ್ಕೋತಾರೆ. ಬದುಕಿದ್ದಾಗ ಜಿರಲೆ ಕಂಡ್ರೆ ಕುರ್ಚಿ ಹತ್ತೋರು. ಸತ್ತು ಮೂರು ತಿಂಗಳಿಗೆ ಕಾವಲುಗಾರರಾದ್ರು ನೋಡು…”

ಇಬ್ಬರೂ ನಕ್ಕರು.

“ತಾಚಿ… ಒಂದು ಎಡವಟ್ಟಾಗಿದೆ. ಬೈಬೇಡ… ಸಲ್ಮಿಯಾ ಗೊತ್ತಲ್ಲ, ಕೆಳಗಿನ ಕೋಣೇಲಿದ್ಕೊಂಡು ಈ ಮನೆಗಳನ್ನೆಲ್ಲ ನೋಡ್ಕೊಳ್ಳೋಳು?… ಹಾಂ, ಲಿಫ್ಟಲ್ಲಿ ಆ ನಾತ ಹೊಡೆಯೋ ದುರಿಯನ್ ಹಣ್ಣು ತರಬೇಡಿ ಅಂತ ವರ್ಷಾ ವರ್ಷಾ ಇವರ ಜೊತೆ ಜಗಳ ಆಡೋಳು, ಆಮೇಲೆ ತಾನೂ ಎರಡು ತೊಳೆ ತಿನ್ನೋಳು, ಅವಳೇ. ನಿನ್ನೆ ರಜೆಯಲ್ಲಿದ್ಲು. ಇವತ್ತು ನೆಲ ಒರೆಸೋಕೆ ಬಂದೋಳು ಬೂಟು ನೋಡಿದಾಳೆ. ಮುಖ ಇಷ್ಟಗಲ ಮಾಡ್ಕೊಂಡು ‘ಅಂಕಲ್ ಎದ್ರಾ ಆಂಟಿ?’ ಅಂದ್ಲು…”

“ನಾನಾ?… ‘ಮಲಗಿದಾರೆ’ ಅಂದೆ…”

“ಯಾಕೆ ಅಂದ್ರೆ ಏನು ಹೇಳ್ಲಿ? ಬಾಯಿಗೆ ಬಂತು… ತಕ್ಷಣ ಅವಳು ದನಿ ತಗ್ಗಿಸಿದ್ಲು. ಬಕೆಟ್ಟೂ ಸದ್ದಾಗದ ಹಾಗೆ ಎತ್ಕೊಂಡು ತುದಿಗಾಲಲ್ಲಿ ಹೋದ್ಲು. ಆಮೇಲೆ ನೋಡಿದ್ರೆ ಬಾಗಿಲ ಹಿಡಿಗೆ ಎರಡು ಪೊಟ್ಟಣ ನಾಸಿ ಲೆಮಾಕ್ ತಗುಲಿಸಿದಾಳೆ. ತೆಂಗಿನ ಹಾಲಿನ ಅನ್ನ, ಇನ್ನೂ ಬಿಸಿ. ಒಂದಕ್ಕೆ ಕೆಂಪು ರಬ್ಬರ್ ಬ್ಯಾಂಡು… ಖಾರ ಜಾಸ್ತಿ ಇರೋದು. ಇವರದ್ದು…”

“ಇಲ್ಲ, ಬಿಚ್ಚಿಲ್ಲ. ನಂದನ್ನೂ ಬಿಚ್ಚಿಲ್ಲ…”

“ಒಂದು ಮಾತು ಹೇಳ್ಲಾ? ಅವಳು ತುದಿಗಾಲಲ್ಲಿ ಹೋಗುವಾಗ ನಂಗೆ ಹಿತ ಅನ್ನಿಸ್ತು. ನಾನೂ ಮೆತ್ತಗೆ ನಡೆದೆ ತಾಚಿ, ಎಚ್ಚರ ಆಗಬಾರದು ಅಂತ… ಮಲಗೋ ಕೋಣೆ ಬಾಗಿಲ ತನಕ…”

“ಏನಂದೆ?… ಹಾಗೇ ಇರ್ಲಿ ಅಂತೀಯಾ? ತಿಂಗಳು ಪೂರ್ತಿ?… ಇವತ್ತು ಮಲಗಿದಾರೆ, ನಾಳೆ ಈಜೋಕೆ ಹೋಗಿದಾರೆ. ನಾಡಿದ್ದು?… ಮೀನು ಹಿಡಿಯೋಕಾ! ಇಷ್ಟೊಂದು ತಿರುಗಾಟ ಬದುಕಿದ್ದಾಗಲೂ ಮಾಡ್ಲಿಲ್ಲ ಇವರು…”

“ಹೂಂ… ಹೂಂ. ಒಂಟಿ ಹೆಂಗಸು ಅಂತ ಯಾರಿಗೂ ತಿಳೀಬಾರದು. ಹೂಂ… ನಿನ್ನ ಮನೇಲಿ ಕೋಣೆ ಇದೆ, ಗೊತ್ತು… ಬೇಡ, ನೀನು ಬರಬೇಡ, ನಿನ್ನ ಮಂಡಿ ನೋವು… ತಾಳು, ಬೂಟು ಇದೆಯೋ ಇಲ್ವೋ ನೋಡಿ ಹೇಳ್ತೀನಿ…”

ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು, ಕೈ ಒರೆಸಿ ಅವಳು ಬಾಗಿಲು ತೆರೆದಳು. ಒರೆಸಿದ ನೆಲ ಇನ್ನೂ ಪೂರ್ತಿ ಆರಿರಲಿಲ್ಲ. ನಿನ್ನೆ ಅವಳು ಬೂಟುಗಳನ್ನು ಬಾಗಿಲಿಗೆ ಮುಖ ಮಾಡಿ ಇಟ್ಟಿದ್ದಳು, ಈಗ ತಾನೇ ಒಳಗೆ ಬಂದವರು ಬಿಟ್ಟ ಹಾಗೆ. ಸಲ್ಮಿಯಾ ಅವುಗಳನ್ನು ಒಣಗಿದ ಜಾಗದಲ್ಲಿ ಹಳೆಯ ಪೇಪರಿನ ಮೇಲೆ ಇಟ್ಟು, ಲೇಸು ಸಡಿಲಿಸಿ, ಹೊರಮುಖವಾಗಿ ತಿರುಗಿಸಿದ್ದಳು. ಅಂಕಲ್ ಎದ್ದು ಬಂದವರು ಬಗ್ಗದೆ ಕಾಲು ತೂರಿಸಿಕೊಂಡು ಹೊರಡಲಿ ಎಂದು.

ಮದುವೆಯಾದಾಗಿನಿಂದ ಗಂಡನ ಬೂಟುಗಳನ್ನು ದಿನವೂ ಹಾಗೆ ತಿರುಗಿಸಿಡುತ್ತಿದ್ದವಳು ಗೇಕ್ ಲಿಯಾನ್. ಕೆಳಗೆ ಇನ್ನೊಬ್ಬಳು ಈಗ ಆ ಹೆಜ್ಜೆಗಳಿಗಾಗಿ ಕಾಯುತ್ತಿದ್ದಾಳೆ.

“ಹಾಂ?… ಇದೆ, ಇದೆ. ಹೊರಗೇ ಇದೆ ತಾಚಿ…”

ಹಾಗೆನ್ನುತ್ತಲೇ ಬಗ್ಗಿ ಎರಡನ್ನೂ ಎತ್ತಿಕೊಂಡಳು. ಒಳಗೆ ತಂದು ಬೀರುವಿನ ಖಾಲಿ ಅರ್ಧದಲ್ಲಿ ಇಟ್ಟು, ಅದರ ಬಾಗಿಲು ಮುಚ್ಚಿದಳು.

“ಇಲ್ಲೇ ಇದೀನಿ, ಹೇಳು… ಹೂಂ, ನೀನು ಹೇಳಿದ ಹಾಗೇ ಮಾಡ್ತೀನಿ… ಹೂಂ ಅಂದ್ನಲ್ಲ…”

ಮೇಜಿನ ಮೇಲಿನ ಎರಡೂ ಪೊಟ್ಟಣ ತೆಗೆದುಕೊಂಡಳು. ಹೊರಗೆ ಈಗ ಅವಳ ಚಪ್ಪಲಿಯಷ್ಟೇ ಇತ್ತು. ಮೆಟ್ಟಿಕೊಂಡಳು.

“ಏನು ಸದ್ದು?… ಗಾಳಿ ಇರಬೇಕು… ಎಲ್ಲಿಗೂ ಹೋಗ್ತಿಲ್ಲ ತಾಚಿ, ತಿಂಡಿ ತಿನ್ನೋಕೆ ಹೊರಟೆ, ಅಷ್ಟೇ… ಹೂಂ, ಬಿಸಿ ಇರುವಾಗಲೇ… ಏನಂದೆ? ಹಲೋ?… ಕೇಳಿಸ್ತಿಲ್ಲ, ತಾಚಿ… ಹಲೋ…”

ಸಲ್ಮಿಯಾಳ ಕೋಣೆಯಿದ್ದ ಕೆಳಮಹಡಿಯ ಗುಂಡಿ ಒತ್ತಿದಳು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಫೋನು ಕಟ್ಟಾಯಿತು.