ಮೋಟಾರು ಯಾರ ಹೆಸರಿಗೆ?

“ಹಲೋ… ಹಲೋ, ಯಾರು ಮಾತಾಡೋದು?… ಹಾಂ?… ಯಾರ್ರೀ?… ಈರಣ್ಣ ಏನು? ಜೋರಾಗಿ ಮಾತಾಡಪಾ. ಇಲ್ಲಿ ಕೂಸುಗಳು ಅಳಾಕ ಹತ್ಯಾವ, ಒಂದೂ ಕೇಳಸವಲ್ದು.”

ದಾನವ್ವ ಇನ್ನೊಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿ ಗೋಡೆಗೆ ಒರಗಿಕೊಂಡಳು. ಭಾಂಡುಪಿನ ಆ ಹೆರಿಗೆ ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ ಫೋನು, ಅದೂ ಆಸ್ಪತ್ರೆ ನಡೆಸುವ ಟ್ರಸ್ಟಿನ ಅಧ್ಯಕ್ಷ ನೀಲಕಂಠಪ್ಪನವರ ಕೋಣೆಯಲ್ಲಿ. ಅವರು ಮೇಜಿನ ಆಚೆ ಕೂತು ಪೇಪರು ಓದುತ್ತಿದ್ದರು. ವಿಜಾಪುರದ ಕಡೆಯ ದಾನವ್ವ ಇಲ್ಲಿಗೆ ನರ್ಸಾಗಿ ಬಂದು ಒಂಬತ್ತು ವರ್ಷವಾಗಿತ್ತು. ನಿನ್ನೆ ಬೆಳಗಿನಿಂದ ಮೂರು ಹೆರಿಗೆ ಮಾಡಿಸಿದ್ದಳು. ಮಧ್ಯಾಹ್ನದ ರೊಟ್ಟಿ ಇನ್ನೂ ಡಬ್ಬಿಯಲ್ಲೇ ಇತ್ತು.

“ಎಲ್ಲಿಂದ ಮಾತಾಡ್ತಿ?… ಮೋಟಾರ್ ಆಫೀಸಿಂದನ?… ಓಹೋ, ಎದುರಿಗಿನ ಇರಾಣಿ ಹೋಟೆಲಿಂದ. ಮತ್ತ ಗಾಡಿ?… ಗಾಡಿ ಎಲ್ಲೈತಿ ಹೇಳು ಮೊದಲ.”

…

“ಖರೇ? ಬಂದರದಿಂದ ಹೊರಗ ಬಂತಾ? ನೀ ಕಣ್ಣಿಲೇ ನೋಡಾಕ ಹತ್ತೀಯೇನು ಈಗ?… ಹೋಟೆಲ್ ಬಾಗಿಲಿಂದ ಕಾಣಸ್ತೈತಿ. ಹ್ಞೂಂ… ಹ್ಞೂಂ… ಏನಂದಿ? ಹಿಂದಿನ ಸೀಟಿನಾಗ ಇಲಿ ಮರಿ ಹಾಕಿತ್ತಾ? ಇರಲಿ ಬಿಡು. ಹೆರಿಗಿ ಗಾಡಿ ಅಲ್ಲೇನು.”

ನಗಬೇಕೆಂದುಕೊಂಡಳು, ನಗು ಬರಲಿಲ್ಲ. ಎಂಟು ತಿಂಗಳಿಂದ ಈ ಮೋಟಾರಿನ ಸುದ್ದಿ ಕೇಳಿ ಕೇಳಿ ಅವಳಿಗೆ ಸಂತೋಷಪಡುವುದೇ ಮರೆತುಹೋದಂತಾಗಿತ್ತು.

ಮೋಟಾರು ಕಳಿಸಿದವಳು ಎಲ್ಸಾ. ಧಾರವಾಡ ಸೀಮೆಯ ಒಂದು ಮಿಶನ್ ಆಸ್ಪತ್ರೆಯಲ್ಲಿ ದಾನವ್ವನಿಗೆ ಹೆರಿಗೆ ಕೆಲಸ ಕಲಿಸಿದ ಬಿಳಿಯ ನರ್ಸು. ಇಬ್ಬರೂ ಒಂದೇ ಕಂದೀಲಿನ ಬೆಳಕಿನಲ್ಲಿ ನೂರಾರು ಕೂಸುಗಳನ್ನು ಎತ್ತಿಕೊಂಡವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಎಲ್ಸಾ ಇರಾಕಿನ ಬಸ್ರಾಕ್ಕೆ ಹೋದಳು, ದಾನವ್ವ ಮುಂಬಯಿಗೆ ಬಂದಳು. ಕಾಗದ ಮಾತ್ರ ನಿಲ್ಲಲಿಲ್ಲ. ಮಲ್ಲವ್ವ ಎಂಬ ಬಸುರಿ ಪವಯಿಯ ಹಾದಿಯಲ್ಲಿ ಎತ್ತಿನಗಾಡಿಯಲ್ಲೇ ಪ್ರಾಣ ಬಿಟ್ಟದ್ದನ್ನು ಎರಡು ವರ್ಷದ ಹಿಂದೆ ದಾನವ್ವ ಬರೆದಿದ್ದಳು. ಅದಕ್ಕೆ ಉತ್ತರವಾಗಿ ಈ ಮಾರ್ಚಿನಲ್ಲಿ ಹಡಗಿನಿಂದ ಇಳಿದದ್ದು ಒಂದು ಹಳೆಯ ಕಪ್ಪು ಮೋಟಾರು. ಜೊತೆಗೆ ಎಲ್ಸಾಳ ಸೊಟ್ಟ ಕನ್ನಡದ ನಾಲ್ಕು ಸಾಲು: ‘ನನಗೆ ವಯಸ್ಸು ಆಯಿತು. ಊರಿಗೆ ಹೋಗುತ್ತೇನೆ. ನನ್ನ ಗಾಡಿಗೂ ವಯಸ್ಸು ಆಯಿತು, ಆದರೆ ಓಡುತ್ತದೆ. ಇನ್ನು ನೀನು ಎತ್ತಿಗೆ ಕಾಯಬೇಡ.’

ಪರವಾನಗಿ ಇಲ್ಲದೆ ಹೊರದೇಶದ ಮೋಟಾರು ಇಳಿಸುವಂತಿಲ್ಲ ಎಂದು ಕಸ್ಟಮ್ಸಿನವರು ಅದನ್ನು ಹಿಡಿದಿಟ್ಟರು. ಉಡುಗೊರೆ ಎಂದರೆ, ಉಡುಗೊರೆಗೂ ಕಾನೂನಿದೆ ಎಂದರು. ಬಂದರದ ಹತ್ತಿರ ಗುಮಾಸ್ತನಾಗಿದ್ದ ಅವಳ ಚಿಕ್ಕಮ್ಮನ ಮಗ ಈರಣ್ಣ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅರ್ಜಿ ಹೊತ್ತು ಅಲೆದ. ಮಳೆಗಾಲ ಪೂರ್ತಿ ಗಾಡಿ ಬಯಲಿನಲ್ಲೇ ನೆನೆಯಿತು. ಕೊನೆಗೆ ಸುಂಕಕ್ಕೆಂದು ದಾನವ್ವ ತನ್ನ ಬಂಗಾರದ ಪಾಟಲಿ ಬಳೆಗಳನ್ನು ಬಿಚ್ಚಿಕೊಟ್ಟಳು. ಇನ್ನು ಉಳಿದದ್ದು ನೋಂದಣಿ ಒಂದೇ.

“ಹಂಗಾದ್ರ ನಂಬರ್ ಸಿಕ್ತು ಅನ್ನು… ಇಲ್ಲ? ಯಾಕ ಇಲ್ಲ? ಎಡಗಡೆ ಸ್ಟೇರಿಂಗ್ ಅಂತೇನು? ಅದಕ್ಕ ಹಿಂದ ಬೋರ್ಡ್ ಬರಸಬೇಕಂತ ಹೇಳಿದ್ಯಲ್ಲಾ ನೀ?… ಬರಸೀದಿ. ಮತ್ತೇನು?”

…

“ಯಾವ ಕಾಗದ?… ಎಲ್ಸಾ ಬಾಯಿ ಕೊಟ್ಟ ದಾನದ ಕಾಗದ. ಹ್ಞಾಂ, ಅದರಾಗೇನು?… ತಡಿ, ಇಂಗ್ಲೀಷ್ ಅಷ್ಟು ಬಿರಬಿರ ಓದಬ್ಯಾಡ. ಅರ್ಥ ಹೇಳು.”

…

“‘ದಾನವ್ವನ ಹೆರಿಗೆ ಆಸ್ಪತ್ರೆಗೆ.’ ಹಂಗ ಬರದಾಳ?… ಅಯ್ಯ ನನ್ನವ್ವ. ಆಕಿ ತಿಳ್ಕೊಂಡಾಳಪಾ, ಈ ಆಸ್ಪತ್ರೆ ನಂದೇ ಅಂತ! ನಾ ಬರೀತಿದ್ನಲ್ಲಾ ‘ನಮ್ಮ ಆಸ್ಪತ್ರೆ, ನಮ್ಮ ಆಸ್ಪತ್ರೆ’ ಅಂತ… ಹೌದೋ, ತಪ್ಪು ನಂದೇ.”

ಮೇಜಿನ ಆಚೆ ಪೇಪರಿನ ಹಾಳೆ ತಿರುವುವುದು ನಿಂತಿತು.

“ಕ್ಲಾರ್ಕ್ ಏನಂತಾನ?… ಆಸ್ಪತ್ರೆಗೆ ಕೊಟ್ಟದ್ದು ಆಸ್ಪತ್ರೆ ಹೆಸರಿಗೇ ಆಗಬೇಕು. ನನ್ನ ಹೆಸರಿಗೆ ಆಗಂಗಿಲ್ಲ… ಸಾಹೇಬರನ್ನ ಕೇಳಿದ್ಯಾ?… ಅವರೂ ಅದನ್ನ ಅಂದ್ರಾ?… ಮತ್ತ ಎಲ್ಸಾ ಬಾಯಿಂದ ಬ್ಯಾರೆ ಕಾಗದ ತರಿಸಿದ್ರ? ಹಾಂ?… ಆಕಿ ಬಸ್ರಾ ಬಿಟ್ಟು ಹೋಗ್ಯಾಳೋ ತಮ್ಮಾ, ಹೊಸಾ ಅಡ್ರೆಸ್ ಇನ್ನೂ ಬಂದಿಲ್ಲ. ಅದು ಬಂದು, ನಾ ಬರದು, ಆಕಿ ಬರದು… ಯುಗಾದಿ ಆಗ್ತೈತಿ. ಅಲ್ಲೀತನಕ ಗಾಡಿ?… ನಿಂತಲ್ಲೇ ನಿಲ್ಲಬೇಕು. ಹೌದು. ಮತ್ತ ನಿಲ್ಲಬೇಕು.”

ದಾನವ್ವ ಕಣ್ಣು ಮುಚ್ಚಿದಳು. ಮಾರ್ಚಿನಲ್ಲೇ ನೀಲಕಂಠಪ್ಪನವರು ಟ್ರಸ್ಟಿನ ಹೆಸರಿನಲ್ಲಿ ಒಂದು ಕಾಗದ ಬರೆದು ಸಹಿ ಹಾಕಿ ಈರಣ್ಣನ ಕೈಗೆ ಕೊಟ್ಟಿದ್ದರು. ‘ಟ್ರಸ್ಟಿನ ಹೆಸರಿಗೆ ಮಾಡಿಸಿ ಬಿಡ್ರಿ, ಲಗೂ ಬಿಡಿಸಿಕೊಂಡು ಬರಬಹುದು’ ಎಂದಿದ್ದರು. ಒಪ್ಪದವಳು ದಾನವ್ವ. ಅದಕ್ಕೆ ಕಾರಣವನ್ನು ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಆಸ್ಪತ್ರೆಗೆ ಮೊದಲು ಒಂದು ಟಾಂಗಾ ಇತ್ತು. ಮಲ್ಲವ್ವನಿಗೆ ಬೇನೆ ಬಂದ ದಿನ ಆ ಟಾಂಗಾ ನೀಲಕಂಠಪ್ಪನವರ ಮಗಳ ಮದುವೆಯ ಸೀರೆ ತರಲು ಠಾಣೆಗೆ ಹೋಗಿತ್ತು.

“ಏನಂದಿ?… ಆ ಕಾಗದ ಇನ್ನೂ ನಿನ್ನ ಫೈಲಿನಾಗ ಐತಿ. ಗೊತ್ತೈತಿ ನನಗ… ನನ್ನ ಹಟ ಅಂತೀಯೇನು? ಹಟ ಅಲ್ಲೋ ಈರಣ್ಣಾ. ನನಗೇನು ಮೋಟಾರಿನಾಗ ಕುಂತು ದಾದರಕ್ಕ ಸಂತಿಗೆ ಹೋಗೂದೈತೇನು? ನನ್ನ ಹೆಸರಿಗಿದ್ರ ಯಾರೂ ಕೇಳದ ಒಯ್ಯಂಗಿಲ್ಲ. ಅಷ್ಟ… ಹೌದು, ಸಾವಕಾರ್ರು ಇಲ್ಲೇ ಕುಂತಾರ. ಕೇಳಲಿ. ಎರಡು ವರ್ಷ ಆತು, ಒಮ್ಮೆಯಾದ್ರೂ ಕೇಳಲಿ.”

ನೀಲಕಂಠಪ್ಪನವರು ಪೇಪರು ಕೆಳಗಿಟ್ಟರು. ಕನ್ನಡಕ ತೆಗೆದರು.

ಅಷ್ಟರಲ್ಲಿ ಬಾಗಿಲಿಗೆ ಚೆನ್ನಯ ಬಂದು ನಿಂತ. ಕಾರ್ಖಾನೆಯ ಖಾಕಿ ಅಂಗಿ ಬೆವರಿಗೆ ಮೈಗಂಟಿತ್ತು. ಉಡುಪಿಯ ಕಡೆಯವನು, ಅವನ ಹೆಂಡತಿ ಅಕ್ಕುವಿಗೆ ಇದು ಚೊಚ್ಚಲು. ಮಗು ಅಡ್ಡ ತಿರುಗಿದೆ, ಆಪರೇಷನ್ ಆಗುವ ದೊಡ್ಡ ಆಸ್ಪತ್ರೆಗೇ ಒಯ್ಯಬೇಕು ಎಂದು ದಾನವ್ವ ಹೋದ ವಾರವೇ ಹೇಳಿದ್ದಳು. ದಿನ ತುಂಬಲು ಇನ್ನೂ ಹದಿನೈದು ದಿನವಿತ್ತು. ಚೆನ್ನಯ ತನ್ನ ಮನೆಯಿದ್ದ ಗುಡ್ಡದ ಕಡೆಗೆ ಕೈ ತೋರಿಸುತ್ತಿದ್ದ.

“ಈರಣ್ಣಾ, ತಡಿ, ಫೋನ್ ಇಡಬ್ಯಾಡ… ಚೆನ್ನಯಾ, ಬ್ಯಾನಿ ಸುರು ಆತೇನು? ಯಾವಾಗಿಂದ? ನೀರು ಹೋಗೈತೇನು?”

ಅವನು ಇಲ್ಲವೆಂದು ತಲೆಯಾಡಿಸಿದ.

“ಹಂಗಾದ್ರ ವ್ಯಾಳ್ಯಾ ಐತಿ. ಅಂಜಬ್ಯಾಡ. ಆಕಿನ್ನ ಎಡಮಗ್ಗಲಕ್ಕ ಮಲಗಸು, ಎಬ್ಬಿಸಬ್ಯಾಡ, ನಡಸಬ್ಯಾಡ. ನಾ ನಿನ್ನ ಬೆನ್ನ ಹಿಂದನ ಬರ್ತೀನಿ. ಓಡು… ಹಲೋ, ಈರಣ್ಣಾ? ಇದ್ದೀಯೇನು?… ಇಲ್ಲೊಬ್ಬಾಕಿಗೆ ಬ್ಯಾನಿ ಬಂದೈತಿ, ಕೂಸು ಅಡ್ಡ ಐತಿ. ಆಫೀಸು ಎಷ್ಟಕ್ಕ ಮುಚ್ಚತೈತಿ?… ಈಗ ಎರಡೂವರಿ. ಟ್ರಸ್ಟಿನ ಹೆಸರಿಗಾದ್ರ ಇವತ್ತ ಗಾಡಿ ಬಿಡ್ತಾರೇನು? ಕೇಳೀಯೇನು ಖರೇ?… ಅರ್ಧ ತಾಸಿನಾಗ. ಹ್ಞೂಂ.”

ಎಂಟು ತಿಂಗಳು ಹಿಡಿದುಕೊಂಡಿದ್ದದ್ದನ್ನು ಬಿಡುವುದಕ್ಕೆ ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು.

“ಬರಸು. ಟ್ರಸ್ಟಿನ ಹೆಸರಿಗೇ ಬರಸು… ಅಳತೀನೇನು? ಇಲ್ಲಪಾ, ನಿದ್ದಿ ಇಲ್ಲ, ದನಿ ಬಿದ್ದೈತಿ… ನಿಂದ್ರು, ಒಂದು ಮಾತು ಮುಗಸ್ತೀನಿ.”

ಫೋನನ್ನು ಎದೆಗೆ ಒತ್ತಿಕೊಂಡು ಅವಳು ಮೇಜಿನ ಕಡೆ ತಿರುಗಿದಳು.

“ಸಾವಕಾರ್ರ, ಗಾಡಿ ನಿಮ್ಮ ಹೆಸರಿಗೆ ಬರ್ತೈತಿ. ಬರಲಿ, ನನಗ ಸಂಕಟ ಇಲ್ಲ. ಆದ್ರ ಕೀಲಿಕೈ ನನ್ನ ಹಂತೇಕ ಇರಬೇಕು. ಮದುವಿ ಇರಲಿ, ಮಂತ್ರಿ ಬರಲಿ, ಯಾರು ಕೇಳಿದ್ರೂ ಕೊಡಂಗಿಲ್ಲ. ನೀವು ಕೇಳಿದ್ರೂ ಕೊಡಂಗಿಲ್ರಿ. ಆಗ್ತೈತೋ ಇಲ್ಲೋ ಹೇಳ್ರಿ.”

ನೀಲಕಂಠಪ್ಪನವರ ಮುಖ ಕಪ್ಪಿಟ್ಟಿತು. ಆಸ್ಪತ್ರೆಯಲ್ಲಿ ಅವರೊಡನೆ ಯಾರೂ ಹೀಗೆ ಮಾತಾಡಿದವರಲ್ಲ. ಬೈಯುತ್ತಾರೆಂದೇ ದಾನವ್ವ ಕಾದಳು. ಅವರು ಮೇಜಿನ ಖಾನೆ ಎಳೆದು ಟ್ರಸ್ಟಿನ ಕಾಗದ ತೆಗೆದರು. ಕನ್ನಡದಲ್ಲಿ ಎರಡು ಸಾಲು ಬರೆದು, ಸಹಿ ಮಾಡಿ, ಅವಳ ಕಡೆ ಸರಿಸಿದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟರು.

“ಹಲೋ… ಈರಣ್ಣಾ, ಕೇಳು, ಓದತೀನಿ. ‘ಈ ಮೋಟಾರು ದಾನವ್ವನವರ ಅಪ್ಪಣೆ ಇಲ್ಲದೆ ಆಸ್ಪತ್ರೆಯ ಅಂಗಳ ಬಿಡತಕ್ಕದ್ದಲ್ಲ. ಹೆರಿಗೆಯ ಹೆಣ್ಣುಮಕ್ಕಳ ಹೊರತು ನನ್ನ ಮನೆಯವರೂ ಇದರಲ್ಲಿ ಕೂಡತಕ್ಕದ್ದಲ್ಲ…’ ಹೌದು, ಅವರೇ ಬರದ್ರು. ತಮ್ಮ ಕೈಲೇ… ನಾ ಏನೂ ಹೇಳಿಕೊಡಲಿಲ್ಲೋ.”

ಅವಳಿಗೆ ನಿಜವಾಗಿಯೂ ದನಿ ಬಿದ್ದಿತು. ಸೆರಗಿನಿಂದ ಮೂಗು ಒರೆಸಿಕೊಂಡಳು.

“ಸಾಕು, ಈಗ ಕೆಲಸದ ಮಾತು. ಡ್ರೈವರ್ ನಿನ್ನ ಸಂಗಾಟ ಅದಾನಿಲ್ಲೋ?… ಎಣ್ಣಿ ಹಾಕಿಸೀಯೇನು?… ಛಲೋ ಆತು. ನಂಬರ್ ಬರಸಿದ ಕೂಡಲೇ ಹೊರಡ್ರಿ. ಇಲ್ಲಿಗೆ, ಆಸ್ಪತ್ರೆಗೆ ಬರಬ್ಯಾಡ್ರಿ. ಸ್ಟೇಷನ್ ದಾಟಿ ಪಶ್ಚಿಮಕ್ಕ, ಗುಡ್ಡದ ಬುಡಕ್ಕ ಬರ್ರಿ. ಅಲ್ಲೊಂದು ನೀರಿನ ಟಾಕಿ ಐತಿ. ಮೋಟಾರ್ ಅಲ್ಲೀತನಕ ಬರ್ತೈತಿ, ಮ್ಯಾಲ ಏರಂಗಿಲ್ಲ. ನಾವು ಆಕಿನ್ನ ಖಾಟದ ಮ್ಯಾಲ ಹೊತ್ತು ಕೆಳಗ ಇಳಸ್ತೀವಿ, ಅಲ್ಲಿಂದ ಸೀದಾ ದೊಡ್ಡ ಆಸ್ಪತ್ರೆಗೆ… ಹಾಂ?… ಎಷ್ಟಕ್ಕ ಮುಟ್ಟತೀರಿ?… ನಾಕೂವರಿಗೆ? ಲಗೂ ಮಾಡಪಾ. ಹಿಂದಿನ ಸೀಟು ಝಾಡಿಸಿ, ಒಂದು ಚಾದರ ಹಾಸು… ಹಲೋ?… ಕೇಳಸ್ತೇನು? ನೀರಿನ ಟಾಕಿ… ಟಾಕಿ ಹಂತೇಕ… ಈರಣ್ಣಾ?… ಹಲೋ… ಹಲೋ…”

ಆಚೆಯಿಂದ ಗರಗರ ಸದ್ದು ಬಂತು, ಆಮೇಲೆ ಅದೂ ನಿಂತಿತು. ದಾನವ್ವ ಫೋನು ಇಟ್ಟಳು. ಕಾಗದವನ್ನು ಮಡಿಸಿ ಕುಪ್ಪಸದೊಳಗೆ ಸೇರಿಸಿ, ಹೆರಿಗೆಯ ಚೀಲ ಎತ್ತಿಕೊಂಡು ಗುಡ್ಡದ ಕಡೆ ನಡೆದಳು.