ಕಮೋಲಿ ದೋಣಿಯ ಸಾಲಿನಲ್ಲಿ

ಜಿನೋವಾದ ಹಳೇ ಬಂದರಿನಲ್ಲಿ ಕಮೋಲಿಗೆ ಹೋಗುವ ದೋಣಿಗಾಗಿ ಸಾಲುಗಟ್ಟಿ ನಿಂತಿದ್ದೆವು. ನನ್ನ ಹಿಂದೆ ನಿಂತಿದ್ದವನ ಬಳಿಗೆ ಅವನ ತಂಗಿ ಏದುಸಿರು ಬಿಡುತ್ತ ಬಂದಳು.

"ಅಮ್ಮ ಶೌಚಾಲಯದಲ್ಲೂ ಇಲ್ಲ ಲೋರಿಸ್, ಅಕ್ವೇರಿಯಂ ಹತ್ರಾನೂ ಇಲ್ಲ."

"ಫೋನ್ ಮಾಡೇ ಫಬ್ರಿಝಿಯಾ!"

"ಮಾಡ್ದೆ. ನನ್ನ ಚೀಲದಲ್ಲೇ ರಿಂಗಾಯ್ತು. ಅವಳೇ ಹಾಕಿ ಹೋಗಿದಾಳೆ."

"ನಿನ್ನೆ ಸವೋನಾದಲ್ಲಿ ಹಡಗು ನೋಡ್ಕೊಂಡು ಎಷ್ಟು ಖುಷಿಯಾಗಿದ್ಲಲ್ಲೇ!"

"ಬೆಳಿಗ್ಗೆ ಕೇಳಿದ್ಲು, ಇದೇನು ಇದ್ದಕ್ಕಿದ್ದಂಗೆ ಊರೂರು ತೋರಿಸ್ತಿದೀರಲ್ಲ ಅಂತ."

"ನೀನೇನಂದೆ?"

"ನಿಜ ಹೇಳ್ದೆ. ಸೋಮವಾರ ವೃದ್ಧಾಶ್ರಮಕ್ಕೆ ಸೇರಿಸ್ತೀವಿ, ಅದಕ್ಕೆ ಮುಂಚೆ ಸಮುದ್ರ ತೋರಿಸೋಣ ಅಂತ ಅಂದೆ."

"ಬುದ್ಧಿ ಇದೆಯಾ ನಿಂಗೆ? ಕೊನೇಲಿ ಹೇಳೋಣ ಅಂತ ತಾನೆ ಮಾತಾಗಿದ್ದು?"

"ಮುಖ ನೋಡ್ಕೊಂಡೇ ಕೇಳಿದ್ಲು ಕಣೋ. ಸುಳ್ಳು ಬಾಯಿಗೆ ಬರ್ಲಿಲ್ಲ."

"ಅದಕ್ಕೆ ಏನಂದ್ಲು?"

"ಆಯ್ತು ಮಗಳೇ ಅಂದ್ಲು. ನನ್ನ ಕಾಲರ್ ಸರಿಮಾಡಿದ್ಲು. ಅಷ್ಟೆ."

ದೋಣಿ ಕೂಗಿತು. ಸಾಲು ಮುಂದೆ ಸರಿಯಿತು. ಅವರಿಬ್ಬರೂ ನಿಂತಲ್ಲೇ ನಿಂತಿದ್ದರು. ಅಣ್ಣ ಬಾಯಿಯ ಎರಡೂ ಬದಿಗೆ ಕೈ ಹಿಡಿದು, "ಅಮ್ಮಾ!" ಎಂದು ಕಿರುಚಿದ. ತಂಗಿ ಅವನ ಕೈ ಹಿಡಿದೆಳೆದಳು.

"ಕೂಗಬೇಡ್ವೋ. ನಮ್ಮ ದನಿ ಕೇಳಿದ್ರೆ ಇನ್ನೂ ದೂರ ಹೋಗ್ತಾಳೆ."

ಇಬ್ಬರೂ ಸದ್ದಿಲ್ಲದೆ ಸಾಲು ಬಿಟ್ಟು, ಸಿಕ್ಕ ಸಿಕ್ಕ ಮುದುಕಿಯರ ಮುಖ ನೋಡುತ್ತ ಜನರ ನಡುವೆ ಹೊರಟುಹೋದರು.