ಭಾರ್ಗವಿಯ ಭಾಷಣ

ರಾಷ್ಟ್ರೀಯ ಹೆಣ್ಣು ಮಕ್ಕಳ ದಿನದ ಬೆಳಿಗ್ಗೆ ಶಿಡ್ಲಘಟ್ಟದ ಬಸ್ಸಿಗೆ ಕಾಯುತ್ತಿದ್ದೆ. ಆಗಷ್ಟೇ ಬಸ್ಸಿಳಿದ ಊರಿನ ಟೀಚರನ್ನು ಅಜ್ಜಿಯೊಬ್ಬರು ಅಡ್ಡಗಟ್ಟಿದರು.

“ಮೇಡಂ, ನಮ್ ಭಾರ್ಗವೀನ ಬೇಗ ಕಳಿಸ್ಬಿಡಿ. ರೇಷ್ಮೆ ಹುಳ ಹಣ್ಣಾಗೈತೆ, ಗೂಡು ಕಟ್ಟಕ್ಕೆ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡ್ಬೇಕು.”

“ಓಬಳಮ್ಮ, ಇವತ್ತು ಅವಳದೇ ಭಾಷಣ ಕಣಮ್ಮ!”

“ಮನೇಲಿ ಕೈ ಸಾಲ್ದು.”

“ಅವಳಣ್ಣ ಇಲ್ವಾ?”

“ಅವನಿಗೆ ಸ್ಕೂಲೈತಲ್ಲ.”

“ಇವಳಿಗಿಲ್ವಾ? ಅಯ್ಯೋ, ಭಾಷಣದಲ್ಲಿರೋದೇ ಅದು! ಹೆಣ್ಮಕ್ಕಳನ್ನ ಮನೆಕೆಲಸಕ್ಕೆ ಅಂತ ಸ್ಕೂಲು ಬಿಡಿಸ್ಬೇಡಿ ಅಂತ!”

“ಗೊತ್ತು ಬಿಡಿ ಮೇಡಂ. ನಿನ್ನೆಯೆಲ್ಲ ಹುಳಕ್ಕೆ ಸೊಪ್ಪು ಹಾಕ್ತಾ ಅದನ್ನೇ ಬಾಯಿಪಾಠ ಮಾಡಿದ್ಲು. ಎಷ್ಟು ಚೆನ್ನಾಗಿ ಹೇಳ್ತಾಳೆ!”

ಟೀಚರ್ ಹಣೆ ಚಚ್ಚಿಕೊಂಡು ಶಾಲೆಯತ್ತ ನಡೆದರು. ಅಜ್ಜಿ ಹಿಂದಿನಿಂದ ಕೂಗಿದರು:

“ಮೇಡಂ, ಅವಳದು ಮೊದಲೇ ಇಟ್ಕೊಳ್ಳಿ! ಅದೊಂದು ಹೇಳ್ಬಿಟ್ಟು ಬಂದ್ಬಿಡ್ಲಿ!”